ನಾನು ಅವನಲ್ಲ... ಅವಳು (ಚಲನಚಿತ್ರ)

ನಾನು ಅವನಲ್ಲ... ಅವಳು 2015ರಲ್ಲಿ ಬಿಡುಗಡೆಯಾದ ಕನ್ನಡ ಚಲನಚಿತ್ರ. ಬಿ. ಎಸ್. ಲಿಂಗದೇವರು ಇದರ ನಿರ್ದೇಶಕರು. ಗಂಡಾಗಿ ಹುಟ್ಟಿ, ತನ್ನನ್ನು ಹೆಣ್ಣೆಂದು ಅರಿತುಕೊಂಡ ಮಾದೇಶ ಎಂಬ ಹುಡುಗ ಮನೆ ತೊರೆದು ವಿದ್ಯಾ ಆಗುವುದು ಇದರ ಕಥೆ. ತಮಿಳುನಾಡಿನ ಲೇಖಕಿ ಹಾಗೂ ರಂಗಕಲಾವಿದೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಇದು ಆಧರಿಸಿದೆ. ಮುಖ್ಯ ಪಾತ್ರ ನಿರ್ವಹಿಸಿದ ಸಂಚಾರಿ ವಿಜಯ್ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ, ನಾಗರಾಜು ಮತ್ತು ರಾಜು ಅವರಿಗೆ ಶ್ರೇಷ್ಠ ಪ್ರಸಾಧನ ಪ್ರಶಸ್ತಿಯೂ ದೊರೆತವು.

ಹೆಣ್ಣಾಗಿ ಪರಿವರ್ತನೆಗೊಂಡವರ ಕಥೆಯೆಂದು ಈ ಚಿತ್ರವನ್ನು ಸಾಮಾನ್ಯವಾಗಿ ಪರಿಚಯಿಸಲಾಗುತ್ತದೆ. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಇದು ಅಷ್ಟೇ ಮಟ್ಟಿಗೆ ತಂದೆ ಮತ್ತು ಮಗುವಿನ ನಡುವಣ ಬಿರುಕಿನ ಕಥೆ. ಭಿನ್ನವಾದ ಲಿಂಗತ್ವ ಅಥವಾ ಲೈಂಗಿಕತೆಯ ಕಾರಣಕ್ಕೆ ಮುರಿದುಬಿದ್ದ ಕುಟುಂಬವನ್ನು ಕುರಿತ ಚಿತ್ರಗಳು ಕನ್ನಡದಲ್ಲಿ ಬಹಳ ಕಡಿಮೆ. ಅವುಗಳ ಪೈಕಿ ವ್ಯಾಪಕ ಮನ್ನಣೆ ಪಡೆದದ್ದು ಇದು.

ಮೂಲ ಕೃತಿ

ಲಿವಿಂಗ್ ಸ್ಮೈಲ್ ವಿದ್ಯಾ ತಿರುಚಿರಾಪಳ್ಳಿಯ ದಲಿತ ಕುಟುಂಬವೊಂದರಲ್ಲಿ 1982ರಲ್ಲಿ ಜನಿಸಿದರು. ಮನೆಯವರು ಇಟ್ಟ ಹೆಸರು ಸರವಣನ್. ಅಕ್ಕಂದಿರ ನಂತರ ಹುಟ್ಟಿದ ಮಗ ಓದಿ ಜಿಲ್ಲಾಧಿಕಾರಿಯಾಗಬೇಕು ಎಂಬುದು ತಂದೆಯ ಹಂಬಲವಾಗಿತ್ತು. ವಿದ್ಯಾ ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅನಂತರ ಮನೆ ಬಿಟ್ಟು ಪುಣೆಯ ಹಿಜ್ರಾ ಸಮುದಾಯವನ್ನು ಸೇರಿ, ಭಿಕ್ಷೆ ಬೇಡಿ ಬದುಕಿ, ಶಸ್ತ್ರಚಿಕಿತ್ಸೆಗೆ ಒಳಗಾಗಿ, ಮತ್ತೆ ದಕ್ಷಿಣಕ್ಕೆ ಮರಳಿ ಉದ್ಯೋಗ ಹಿಡಿದರು. ಈ ಅನುಭವಗಳನ್ನು ಒಳಗೊಂಡ ತಮಿಳು ಆತ್ಮಕಥೆ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಸೇರಿದಂತೆ ಹಲವು ಭಾಷೆಗಳಿಗೆ ಅನುವಾದಗೊಂಡ ಈ ಕೃತಿಯನ್ನು ಕನ್ನಡಕ್ಕೆ ತಂದವರು ತಮಿಳ್ ಸೆಲ್ವಿ. ಚಿತ್ರದ ಶೀರ್ಷಿಕೆ ಕನ್ನಡ ಅನುವಾದದ ಶೀರ್ಷಿಕೆಯೇ ಆಗಿದೆ.

ಪುಸ್ತಕದಲ್ಲಿ ತಂದೆಯ ಚಿತ್ರಣ ಏಕಮುಖವಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಗುವಿನ ಮೇಲೆ ಕೈಮಾಡುವ, ಓದಿಗಾಗಿ ಪೀಡಿಸುವ ಮನುಷ್ಯನೇ ಜಾತಿಯ ಕಾರಣಕ್ಕೆ ತಾನು ಉಂಡ ಅವಮಾನ ಮಗನಿಗೆ ಬಾರದಿರಲಿ ಎಂದು ಬಯಸಿದವನೂ ಹೌದು. ಒಂದು ಮನೆತನದ ಎಲ್ಲ ನಿರೀಕ್ಷೆಗಳನ್ನು ಹೊತ್ತ ಮಗ ‘ನಾನು ಮಗನಲ್ಲ’ ಎಂದಾಗ ಅಲ್ಲಿ ಕುಸಿಯುವುದು ಗಂಡಸುತನದ ಅಭಿಮಾನವೊಂದೇ ಅಲ್ಲ.

ಕಥಾಸಾರ

ಚಿತ್ರವು ತಮಿಳುನಾಡಿನ ಕಥೆಯನ್ನು ಕರ್ನಾಟಕದ ಹಳ್ಳಿಗೆ ತಂದುಕೊಂಡಿದೆ. ಬಾಲಕ ಮಾದೇಶನಿಗೆ ಹೆಣ್ಣುಮಕ್ಕಳ ಉಡುಗೆ, ಆಟ, ಅಲಂಕಾರಗಳಲ್ಲಿ ಆಸಕ್ತಿ. ಮೊದಮೊದಲು ಅದು ಮನೆಯವರಿಗೆ ಮಕ್ಕಳಾಟವಾಗಿ ತೋರುತ್ತದೆ. ಹುಡುಗ ಬೆಳೆದಂತೆ ಅದೇ ನಡವಳಿಕೆ ಊರಿನವರ ಪರಿಹಾಸ್ಯಕ್ಕೂ ತಂದೆಯ ಸಿಟ್ಟಿಗೂ ಕಾರಣವಾಗುತ್ತದೆ. ಓದಿನ ನೆಪದಲ್ಲಿ ಊರು ಬಿಟ್ಟ ಮಾದೇಶನಿಗೆ ನಗರದಲ್ಲಿ ತನ್ನಂಥವರ ಪರಿಚಯವಾಗುತ್ತದೆ. ಅಲ್ಲಿಂದ ಪುಣೆಗೆ ತೆರಳಿ ಹಿಜ್ರಾ ಸಮುದಾಯವನ್ನು ಸೇರುವುದು, ಭಿಕ್ಷಾಟನೆ, ‘ನಿರ್ವಾಣ’ ಎಂದು ಸಮುದಾಯದಲ್ಲಿ ಕರೆಯುವ ಶಸ್ತ್ರಚಿಕಿತ್ಸೆ, ವಿದ್ಯಾ ಎಂಬ ಹೆಸರಿನಿಂದ ಹೊಸ ಬದುಕು, ದುಡಿದು ತಿನ್ನಬೇಕೆಂಬ ಹಟ ಮತ್ತು ಆ ಹಟಕ್ಕೆ ಎದುರಾಗುವ ಅಡ್ಡಿಗಳು ಕಥೆಯ ಮುಂದಿನ ಘಟ್ಟಗಳು.

ಶಸ್ತ್ರಚಿಕಿತ್ಸೆಯನ್ನು ಚಿತ್ರ ರೋಚಕಗೊಳಿಸುವುದಿಲ್ಲ, ಭಿಕ್ಷೆ ಬೇಡುವವರನ್ನು ನಗೆಗೀಡು ಮಾಡುವುದೂ ಇಲ್ಲ. ಅಲ್ಲಿಯವರೆಗಿನ ಬಹುಪಾಲು ಜನಪ್ರಿಯ ಭಾರತೀಯ ಸಿನಿಮಾಗಳಲ್ಲಿ ಇಂಥ ಪಾತ್ರಗಳು ಹಾಸ್ಯಕ್ಕೆ ಇಲ್ಲವೇ ಭಯಕ್ಕೆ ಮಾತ್ರ ಬಳಕೆಯಾಗುತ್ತಿದ್ದವು ಎಂಬುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ. ಕುಟುಂಬದ ವಿಷಯದಲ್ಲಿಯೂ ಚಿತ್ರದ ಒತ್ತು ಪುನರ್ಮಿಲನಕ್ಕಿಂತ ಹೆಚ್ಚಾಗಿ ಬಿರುಕು ಹೇಗೆ ಉಂಟಾಗುತ್ತದೆ ಎಂಬುದರ ಮೇಲಿದೆ.

ಪದಗಳ ಬಗ್ಗೆ

ಈ ವಿಷಯದಲ್ಲಿ ಕನ್ನಡದ ಪದಗಳು ಆಗಾಗ ಕಲಸಿಹೋಗುವುದರಿಂದ ಒಂದು ಸ್ಪಷ್ಟನೆ ಅಗತ್ಯ. ಒಬ್ಬ ವ್ಯಕ್ತಿ ಯಾರ ಬಗ್ಗೆ ಆಕರ್ಷಣೆ ಹೊಂದುತ್ತಾರೆ ಎಂಬುದು ಲೈಂಗಿಕ ಒಲವಿಗೆ ಸಂಬಂಧಿಸಿದ್ದು. ಸಲಿಂಗಪ್ರೇಮ, ಉಭಯಲಿಂಗಪ್ರೇಮ ಮುಂತಾದ ಪದಗಳು ಇಲ್ಲಿಗೆ ಸೇರುತ್ತವೆ. ತನ್ನನ್ನು ಹೆಣ್ಣೆಂದೋ ಗಂಡೆಂದೋ ಎರಡೂ ಅಲ್ಲವೆಂದೋ ಅರಿಯುವುದು ಲಿಂಗತ್ವಕ್ಕೆ ಸಂಬಂಧಿಸಿದ್ದು. ವಿದ್ಯಾ ಎರಡನೆಯ ಬಗೆಗೆ ಸೇರಿದ ಪಾತ್ರ. ‘ತೃತೀಯ ಲಿಂಗಿ’, ‘ಮಂಗಳಮುಖಿ’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪದಗಳು ಪತ್ರಿಕೆಗಳಲ್ಲಿಯೂ ಸರ್ಕಾರಿ ಬರಹಗಳಲ್ಲಿಯೂ ಬಳಕೆಯಲ್ಲಿವೆ. ತಮ್ಮನ್ನು ‘ಮೂರನೆಯವರು’ ಎನ್ನುವುದಕ್ಕಿಂತ ಹೆಣ್ಣೆಂದೇ ಕರೆಯಬೇಕು ಎನ್ನುವವರೂ ಸಮುದಾಯದಲ್ಲಿದ್ದಾರೆ. ಚಿತ್ರದ ಶೀರ್ಷಿಕೆ ಎತ್ತಿ ಹಿಡಿಯುವುದು ಈ ನಿಲುವನ್ನೇ. ಕುಟುಂಬವು ತೋರುವ ಪ್ರತಿಕ್ರಿಯೆ ಮಾತ್ರ ಎರಡೂ ಸಂದರ್ಭಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಹೆತ್ತ ಮನೆ ಮತ್ತು ಜಮಾತ್

ಹಿಜ್ರಾ ಸಮುದಾಯದ ಒಳರಚನೆಯನ್ನು ಅರಿಯದೆ ಚಿತ್ರದ ನಡುಭಾಗ ಅರ್ಥವಾಗುವುದು ಕಷ್ಟ. ಮನೆಯಿಂದ ಹೊರಬಂದವರು ಒಬ್ಬ ಹಿರಿಯರನ್ನು ಗುರುವಾಗಿ ಸ್ವೀಕರಿಸಿ ಚೇಲಾ ಆಗುತ್ತಾರೆ. ಗುರುವಿನ ಗುರು ನಾನಿ, ಅಂದರೆ ಅಜ್ಜಿ. ಒಬ್ಬನೇ ಗುರುವಿನ ಚೇಲಾಗಳು ಪರಸ್ಪರ ಅಕ್ಕತಂಗಿಯರು. ಗಳಿಕೆಯ ಒಂದು ಪಾಲು ಗುರುವಿಗೆ ಸಲ್ಲಬೇಕು. ಬದಲಾಗಿ ಗುರು ಇರಲು ಜಾಗ, ರಕ್ಷಣೆ, ಕಾಯಿಲೆಯಲ್ಲಿ ಆರೈಕೆ ಒದಗಿಸಬೇಕು. ತಪ್ಪಿದರೆ ಜಮಾತ್ ಸೇರಿ ದಂಡ ವಿಧಿಸುವುದುಂಟು. ಗುರು ತೀರಿಕೊಂಡಾಗ ಚೇಲಾಗಳು ಸೂತಕ ಆಚರಿಸುವ ಪದ್ಧತಿ ಹಲವೆಡೆ ಇದೆ.

ಹೆತ್ತ ಮನೆ ಕಳೆದುಕೊಂಡವರು ಕಟ್ಟಿಕೊಂಡ ಇನ್ನೊಂದು ಮನೆ ಇದು. ಇಲ್ಲಿ ಶೋಷಣೆ ಇಲ್ಲವೆಂದಲ್ಲ. ಭಿಕ್ಷೆ ಮತ್ತು ಲೈಂಗಿಕ ವೃತ್ತಿಯ ಹೊರತು ಬೇರೆ ದಾರಿ ಕಾಣದ ಕಿರಿಯರು ಗುರುವಿನ ಹಿಡಿತಕ್ಕೆ ಸಿಲುಕುವುದನ್ನು ವಿದ್ಯಾ ಅವರ ಕೃತಿಯೂ ಮರೆಮಾಚುವುದಿಲ್ಲ. ಆದರೂ ಕಾಯಿಲೆ ಬಿದ್ದಾಗ ಗಂಜಿ ಕೊಡುವವರು, ಸತ್ತಾಗ ಹೆಣ ಎತ್ತುವವರು ಇವರೇ. ಅಂತ್ಯಸಂಸ್ಕಾರದ ಪ್ರಶ್ನೆ ಇಲ್ಲಿ ಬಹಳ ಮುಖ್ಯವಾದುದು. ಬಹುತೇಕ ಹಿಂದೂ ಕುಟುಂಬಗಳಲ್ಲಿ ತಂದೆತಾಯಿಗಳ ಚಿತೆಗೆ ಬೆಂಕಿ ಇಡುವ, ತಿಥಿ ಮಾಡುವ ಹೊಣೆ ಮಗನದು. ಸೀರೆಯುಟ್ಟು ಬಂದ ಮಗಳಿಗೆ ಸಾಯುವ ತಂದೆಯ ಹಾಸಿಗೆಯ ಬಳಿ ಹೋಗಲು ಅವಕಾಶವಿದೆಯೇ, ಹೋದರೆ ಯಾರಾಗಿ ಹೋಗಬೇಕು ಎಂಬುದು ಊಹೆಯ ಪ್ರಶ್ನೆಯಲ್ಲ. ಕೂದಲು ಕತ್ತರಿಸಿ ಪ್ಯಾಂಟು ಶರ್ಟು ತೊಟ್ಟು ಬಂದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುವ ಮನೆಗಳಿವೆ. ಸತ್ತ ಸುದ್ದಿಯನ್ನೇ ತಿಳಿಸದ ಮನೆಗಳೂ ಇವೆ.

ಉತ್ತರ ಕರ್ನಾಟಕದ ಜೋಗಪ್ಪಗಳ ಪರಂಪರೆಯಲ್ಲಿ ಈ ಬಿರುಕಿಗೆ ಬೇರೆ ರೂಪವಿದೆ. ಎಲ್ಲಮ್ಮ ಅಥವಾ ಹುಲಿಗೆಮ್ಮ ದೇವಿ ಮೈದುಂಬಿದ್ದಾಳೆ ಎಂದು ನಂಬಿ ಮುತ್ತು ಕಟ್ಟಿಸಿದ ಮೇಲೆ ಸೀರೆಯುಡುವುದಕ್ಕೆ ದೈವದ ಒಪ್ಪಿಗೆ ದೊರೆತಂತಾಗುತ್ತದೆ. ಜನ ಕಾಲಿಗೆ ಬೀಳುತ್ತಾರೆ. ಮನೆಯ ಬಾಗಿಲು ಅದರಿಂದ ತಾನಾಗಿ ತೆರೆದುಕೊಳ್ಳುವುದಿಲ್ಲ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಮುಂದೆ ಪದ್ಮಶ್ರೀ ಪುರಸ್ಕೃತರಾದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರ ಬದುಕಿನಲ್ಲಿಯೂ ಮುತ್ತು ಕಟ್ಟಿಸಿದ ನಂತರ ಮನೆಯಿಂದ ದೂರವಾದ, ಸಾಯಲು ಯತ್ನಿಸಿದ ಅಧ್ಯಾಯವಿದೆ.

ಸಂಚಾರಿ ವಿಜಯ್ ಮತ್ತು ಕಡೂರು ಸೀಮೆ

ಚಿಕ್ಕಮಗಳೂರು ಎಂದೊಡನೆ ಕಾಫಿ ತೋಟ ಮತ್ತು ಮಳೆಕಾಡು ನೆನಪಾಗುವುದು ಸಹಜ. ಆದರೆ ಜಿಲ್ಲೆಯ ಕಡೂರು ತಾಲ್ಲೂಕು, ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ, ಮತ್ತು ತರೀಕೆರೆಯ ಪೂರ್ವಭಾಗ ಇವೆಲ್ಲ ಬಯಲುಸೀಮೆ. ತೆಂಗು, ರಾಗಿ, ಈರುಳ್ಳಿ ಬೆಳೆಯುವ, ಮಳೆಗಾಗಿ ಕಾಯುವ ನೆಲ. ಈ ಸೀಮೆಯ ಪಂಚನಹಳ್ಳಿಯಲ್ಲಿ 1983ರಲ್ಲಿ ಜನಿಸಿದ ವಿಜಯ್ ಕುಮಾರ್ ಎಂಜಿನಿಯರಿಂಗ್ ಓದಿ, ಕೆಲಕಾಲ ಉಪನ್ಯಾಸಕರಾಗಿದ್ದು, ಬೆಂಗಳೂರಿನಲ್ಲಿ ಎನ್. ಮಂಗಳಾ ಅವರ ‘ಸಂಚಾರಿ’ ರಂಗತಂಡವನ್ನು ಸೇರಿದರು. ಹೆಸರಿನ ಮುಂದಿನ ‘ಸಂಚಾರಿ’ ಅಲ್ಲಿಂದ ಬಂದದ್ದು.

2011ರ ‘ರಂಗಪ್ಪ ಹೋಗ್ಬಿಟ್ನಾ’ ಚಿತ್ರದಿಂದ ಅವರು ಬೆಳ್ಳಿತೆರೆಗೆ ಬಂದರು. ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಪ್ರಶಸ್ತಿ ಬಂದ ವರ್ಷವೇ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಮಂಸೋರೆ ನಿರ್ದೇಶನದ ‘ಹರಿವು’ ಚಿತ್ರದಲ್ಲಿಯೂ ಅವರದು ಮುಖ್ಯ ಪಾತ್ರ. ಅಲ್ಲಿ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗುವಿನ ಶವವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುವ ಉತ್ತರ ಕರ್ನಾಟಕದ ಬಡ ತಂದೆ. ಒಂದರಲ್ಲಿ ತಂದೆ ಕಳೆದುಕೊಂಡ ಮಗು, ಇನ್ನೊಂದರಲ್ಲಿ ಮಗುವನ್ನು ಕಳೆದುಕೊಂಡ ತಂದೆ. ಎರಡನ್ನೂ ಒಬ್ಬನೇ ನಟ ಒಂದೇ ಕಾಲದಲ್ಲಿ ನಿರ್ವಹಿಸಿದ್ದು ಆಕಸ್ಮಿಕವೇ ಇರಬಹುದು, ಆದರೆ ಎರಡು ಚಿತ್ರಗಳನ್ನು ಒಟ್ಟಿಗೆ ನೋಡುವುದು ಉಪಯುಕ್ತ.

ಪ್ರಶಸ್ತಿಗಳು 2015ರ ಮಾರ್ಚ್ 24ರಂದು ಘೋಷಣೆಯಾದವು. ಚಿತ್ರ ತೆರೆಕಂಡದ್ದು ಅದೇ ವರ್ಷದ ಸೆಪ್ಟೆಂಬರ್ 25ರಂದು. ಹೀಗಾಗಿ ಸಾಮಾನ್ಯ ಪ್ರೇಕ್ಷಕರು ಪ್ರಶಸ್ತಿಯ ಸುದ್ದಿ ಕೇಳಿದ ಆರು ತಿಂಗಳ ಮೇಲೆ ಚಿತ್ರ ನೋಡಿದರು. ಕನ್ನಡ ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದವರಲ್ಲಿ ವಿಜಯ್ ಮೂರನೆಯವರು. ಮೊದಲ ಇಬ್ಬರು ‘ಚೋಮನ ದುಡಿ’ಯ ಎಂ. ವಿ. ವಾಸುದೇವ ರಾವ್ ಮತ್ತು ‘ತಬರನ ಕಥೆ’ಯ ಚಾರುಹಾಸನ್. ‘ತಬರನ ಕಥೆ’ಯ ಮೂಲ ಲೇಖಕ ಪೂರ್ಣಚಂದ್ರ ತೇಜಸ್ವಿ ಬದುಕಿದ್ದು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಎಂಬುದನ್ನು ಜಿಲ್ಲೆಯವರು ಮರೆಯುವುದಿಲ್ಲ. ರಾಜ್ಯ ಸರ್ಕಾರದ 2014ನೇ ಸಾಲಿನ ಶ್ರೇಷ್ಠ ನಟ ಪ್ರಶಸ್ತಿಯೂ ಇದೇ ಪಾತ್ರಕ್ಕಾಗಿ ವಿಜಯ್ ಅವರಿಗೆ ಸಂದಿತು.

2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಸಂಭವಿಸಿದ ಬೈಕ್ ಅಪಘಾತದಲ್ಲಿ ವಿಜಯ್ ತೀವ್ರವಾಗಿ ಗಾಯಗೊಂಡರು. ಕೋವಿಡ್ ಎರಡನೆಯ ಅಲೆಯ ಆ ದಿನಗಳಲ್ಲಿ ಅವರು ನೆರವಿನ ಕಾರ್ಯಗಳಲ್ಲಿ ತೊಡಗಿದ್ದರು. ಮಿದುಳು ನಿಷ್ಕ್ರಿಯಗೊಂಡಿದೆಯೆಂದು ವೈದ್ಯರು ತಿಳಿಸಿದ ನಂತರ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಜೂನ್ 15ರಂದು ಪಂಚನಹಳ್ಳಿಯ ತೋಟವೊಂದರಲ್ಲಿ ಸರ್ಕಾರಿ ಗೌರವಗಳೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಆಗ ಅವರಿಗೆ 37 ವರ್ಷ. ಅವರ ನಿಧನಾನಂತರ ಬಿಡುಗಡೆಯಾದ ‘ತಲೆದಂಡ’ ಚಿತ್ರಕ್ಕೆ ಪರಿಸರ ಸಂರಕ್ಷಣೆ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ದೊರೆಯಿತು.

ಅಭಿನಯ ಮತ್ತು ಆಕ್ಷೇಪ

ಗಂಡಸರು ಹೆಣ್ಣಿನ ಪಾತ್ರ ವಹಿಸುವುದು ಕನ್ನಡ ರಂಗಭೂಮಿಗೆ ಹೊಸದಲ್ಲ. ಕಂಪನಿ ನಾಟಕಗಳಲ್ಲಿ, ಕೋಳ್ಯೂರು ರಾಮಚಂದ್ರ ರಾವ್ ಅವರಂಥ ಯಕ್ಷಗಾನ ಕಲಾವಿದರ ಸ್ತ್ರೀವೇಷದಲ್ಲಿ ಅದಕ್ಕೆ ದೀರ್ಘ ಪರಂಪರೆಯಿದೆ. ಆದರೆ ಸ್ತ್ರೀವೇಷದಲ್ಲಿ ನಟ ಹೆಣ್ಣಾಗಿಯೇ ಕಾಣಬೇಕು. ವಿದ್ಯಾ ಪಾತ್ರದಲ್ಲಿ, ತಾನು ಹೆಣ್ಣೆಂದು ಬಲ್ಲ ವ್ಯಕ್ತಿಯನ್ನು ಲೋಕ ಗಂಡೆಂದು ಕಾಣುತ್ತಿರುವ ಸ್ಥಿತಿಯನ್ನು ತೋರಬೇಕು. ಅತಿಯಾದ ಬಳುಕು ಇಲ್ಲದೆ, ಧ್ವನಿಯನ್ನು ಕೃತಕವಾಗಿ ಕಿರಿದಾಗಿಸದೆ ವಿಜಯ್ ಇದನ್ನು ಸಾಧಿಸಿದ್ದು ವಿಮರ್ಶಕರ ಮೆಚ್ಚುಗೆ ಗಳಿಸಿತು. ಮಾದೇಶನಿಂದ ವಿದ್ಯಾಳವರೆಗಿನ ಬದಲಾವಣೆಯನ್ನು ಹಂತಹಂತವಾಗಿ ಕಾಣಿಸಿದ ಪ್ರಸಾಧನಕ್ಕೂ ಇದರಲ್ಲಿ ದೊಡ್ಡ ಪಾಲಿದೆ.

ಇಂಥ ಪಾತ್ರಗಳನ್ನು ಆ ಸಮುದಾಯದ ಕಲಾವಿದರಿಗೇ ಏಕೆ ಕೊಡಬಾರದು ಎಂಬ ಪ್ರಶ್ನೆ ಈ ಬಗೆಯ ಎಲ್ಲ ಚಿತ್ರಗಳಿಗೂ ಎದುರಾಗುತ್ತದೆ. ಮೂಲ ಲೇಖಕಿಯೇ ನುರಿತ ರಂಗನಟಿಯಾಗಿದ್ದು, ಚೆನ್ನೈನಲ್ಲಿ ಲಿಂಗಪರಿವರ್ತಿತ ಕಲಾವಿದರ ‘ಪನ್ಮೈ’ ರಂಗತಂಡವನ್ನು ಕಟ್ಟಿದವರಲ್ಲಿ ಒಬ್ಬರು ಎಂಬುದರಿಂದ ಇಲ್ಲಿ ಆ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ವಿಜಯ್ ಅವರ ಅಭಿನಯದ ಗುಣಮಟ್ಟ ಆ ಪ್ರಶ್ನೆಗೆ ಉತ್ತರವಾಗಲಾರದು; ಎರಡೂ ಬೇರೆ ಬೇರೆ ಸಂಗತಿಗಳು.

ತಂದೆಯೇ ಹೊರಗಿನವನಾದಾಗ

ಈ ಚಿತ್ರದಲ್ಲಿ ಹೊರಹೋಗುವುದು ಮಗು. ಮನೆ ಬಿಟ್ಟವರು ತಂದೆಯೇ ಆಗಿದ್ದರೆ ಏನಾಗುತ್ತದೆ ಎಂಬುದನ್ನು ಬೇರೆ ಭಾಷೆಗಳ ಕೆಲವು ಚಿತ್ರಗಳು ಎತ್ತಿಕೊಂಡಿವೆ. ಮದುವೆಯಾಗಿ ಮಕ್ಕಳಾದ ಮೇಲೆ ಸತ್ಯ ಹೊರಬೀಳುವುದು ನಮ್ಮ ಸಮಾಜದಲ್ಲಿ ಅಪರೂಪವೇನಲ್ಲ, ಏಕೆಂದರೆ ಮದುವೆಗೆ ಮುನ್ನ ಹೇಳಲು ಅವಕಾಶವೇ ಇರುವುದಿಲ್ಲ.

ತ್ಯಾಗರಾಜನ್ ಕುಮಾರರಾಜ ನಿರ್ದೇಶನದ ತಮಿಳಿನ ‘ಸೂಪರ್ ಡಿಲಕ್ಸ್’ (2019) ಚಿತ್ರದಲ್ಲಿ ವರ್ಷಗಳ ಹಿಂದೆ ಮನೆ ತೊರೆದ ತಂದೆ ಶಿಲ್ಪಾ ಎಂಬ ಹೆಣ್ಣಾಗಿ ಮರಳುತ್ತಾಳೆ. ಬಂಧುಗಳು ದಿಗ್ಭ್ರಮೆಗೊಂಡಾಗ ಪುಟ್ಟ ಮಗ ಮಾತ್ರ ಬಂದವರ ಕೈ ಬಿಡುವುದಿಲ್ಲ. ಅವನಿಗೆ ಬೇಕಾದದ್ದು ಸೀರೆಯ ವಿವರಣೆಯಲ್ಲ, ತಂದೆ. ಈ ಪಾತ್ರಕ್ಕೆ ವಿಜಯ್ ಸೇತುಪತಿ ಶ್ರೇಷ್ಠ ಪೋಷಕ ನಟ ರಾಷ್ಟ್ರಪ್ರಶಸ್ತಿ ಪಡೆದರು. ಜಿಯೋ ಬೇಬಿ ಅವರ ಮಲಯಾಳಂ ಚಿತ್ರ ‘ಕಾದಲ್ – ದಿ ಕೋರ್’ (2023) ಮಮ್ಮುಟ್ಟಿ ನಟಿಸಿದ ಸಲಿಂಗಪ್ರೇಮಿ ಗೃಹಸ್ಥನ ಕಥೆ. ಅಲ್ಲಿ ಹೆಂಡತಿ ವಿಚ್ಛೇದನ ಕೋರುವುದು ದ್ವೇಷದಿಂದಲ್ಲ. ಮಗನ ಸ್ವಭಾವ ತಿಳಿದೂ ಮದುವೆಗೆ ನೂಕಿದ ವೃದ್ಧ ತಂದೆಯ ಪಶ್ಚಾತ್ತಾಪ ಆ ಚಿತ್ರದ ಅತ್ಯಂತ ತೀವ್ರ ಭಾಗ. ಇಂಗ್ಲಿಷಿನ ‘ದಿ ವೇಲ್’ (2022) ಸಾವಿನಂಚಿನಲ್ಲಿರುವ ಸಲಿಂಗಪ್ರೇಮಿ ತಂದೆ ತಾನು ತೊರೆದ ಮಗಳೊಂದಿಗೆ ಕೊನೆಯ ಕೆಲವು ದಿನಗಳಲ್ಲಿ ಸಂಬಂಧ ಕೂಡಿಸಿಕೊಳ್ಳಲು ಹೆಣಗುವ ಕಥೆ; ಬ್ರೆಂಡನ್ ಫ್ರೇಸರ್ ಅವರಿಗೆ ಆಸ್ಕರ್ ತಂದದ್ದು ಈ ಪಾತ್ರ.

‘ದಿ ವೇಲ್’ ಚಿತ್ರದ ಮಗಳಿಗೆ ತಂದೆಯ ಮೇಲಿರುವ ಸಿಟ್ಟು ಅವನು ಸಲಿಂಗಪ್ರೇಮಿ ಎಂಬುದಕ್ಕಲ್ಲ, ತನ್ನನ್ನು ಬಿಟ್ಟುಹೋದ ಎಂಬುದಕ್ಕೆ. ಸತ್ಯ ಹೇಳಿ ಹೊರಹೋಗುವ ಹಕ್ಕು ಒಂದು ಕಡೆ, ಬಿಟ್ಟುಹೋದವರ ನೋವು ಇನ್ನೊಂದು ಕಡೆ ಇದ್ದಾಗ ಒಂದನ್ನು ಒಪ್ಪಿದ ಮಾತ್ರಕ್ಕೆ ಇನ್ನೊಂದು ಕರಗುವುದಿಲ್ಲ. ಸಾವಿನ ಗಡುವು ಇರುವ ಚಿತ್ರಗಳಲ್ಲಿ ಈ ಲೆಕ್ಕ ತೀರಿಸಲು ಪಾತ್ರಗಳಿಗೆ ಒತ್ತಾಯವಿರುತ್ತದೆ. ಕನ್ನಡ ಚಿತ್ರದ ವಿದ್ಯಾಳಿಗೆ ಅಂಥ ಗಡುವಿಲ್ಲ. ಆಕೆಗೆ ಮೊದಲು ಬೇಕಾದದ್ದು ಕೆಲಸ, ಬಾಡಿಗೆಗೊಂದು ಮನೆ, ದಾಖಲೆಗಳಲ್ಲಿ ತನ್ನ ಹೆಸರು.

ಕಾನೂನಿನ ಹಿನ್ನೆಲೆ

ಚಿತ್ರ ರೂಪುಗೊಂಡ ಕಾಲ ಗಮನಾರ್ಹವಾದುದು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿದಿತ್ತು. ನಾಲ್ಕು ತಿಂಗಳ ನಂತರ, 2014ರ ಏಪ್ರಿಲ್ 15ರಂದು, ಅದೇ ನ್ಯಾಯಾಲಯದ ಬೇರೊಂದು ಪೀಠ ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಮೂಲಭೂತ ಹಕ್ಕು ಎಂದಿತು. ಅಂದರೆ ವಿದ್ಯಾಳಂಥವರ ಗುರುತನ್ನು ಕಾನೂನು ಮಾನ್ಯಮಾಡಿತ್ತು, ಆದರೆ ಅವರ ದಾಂಪತ್ಯ ಇನ್ನೂ ಅಪರಾಧದ ನೆರಳಿನಲ್ಲಿತ್ತು. ವಯಸ್ಕರ ನಡುವಣ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಕರ್ನಾಟಕ ಸರ್ಕಾರ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ನೀತಿಯನ್ನು ಅಂಗೀಕರಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಜಾರಿಗೊಳಿಸಿತು.

ಕುಟುಂಬದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು 2019ರ ಕೇಂದ್ರ ಕಾಯ್ದೆ. ಲಿಂಗತ್ವದ ಕಾರಣಕ್ಕೆ ಯಾವುದೇ ಮಗುವನ್ನು ನ್ಯಾಯಾಲಯದ ಆದೇಶವಿಲ್ಲದೆ ತಂದೆತಾಯಿಗಳಿಂದ ಬೇರ್ಪಡಿಸಬಾರದು, ಹೆತ್ತವರ ಮನೆಯಲ್ಲಿ ವಾಸಿಸುವ ಹಕ್ಕು ಆ ವ್ಯಕ್ತಿಗೆ ಉಂಟು ಎಂದು ಅದರ 12ನೇ ಕಲಮು ಹೇಳುತ್ತದೆ. ಮನೆಯವರಿಂದ ಆರೈಕೆ ಸಾಧ್ಯವಾಗದಿದ್ದರೆ ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳುಹಿಸಬಹುದು. ಕುಟುಂಬವೆಂದರೆ ರಕ್ತಸಂಬಂಧ, ಮದುವೆ ಅಥವಾ ದತ್ತುವಿನಿಂದ ಆದದ್ದು ಎಂಬುದು ಕಾಯ್ದೆಯ ವ್ಯಾಖ್ಯೆ. ಗುರುವಿಗೂ ಜಮಾತಿಗೂ ಅದರಲ್ಲಿ ಸ್ಥಾನವಿಲ್ಲ. ಮನೆಯೇ ಹಿಂಸೆಯ ತಾಣವಾಗಿರುವವರಿಗೆ ಮನೆ ಇಲ್ಲವೇ ಸರ್ಕಾರಿ ಆಶ್ರಯ ಎಂಬ ಎರಡೇ ಆಯ್ಕೆ ನೀಡುವುದನ್ನು ಸಮುದಾಯದ ಸಂಘಟನೆಗಳು ಆಗಲೇ ಟೀಕಿಸಿದ್ದವು. ವಿದ್ಯಾ ಪುಣೆಯಲ್ಲಿ ಕಂಡುಕೊಂಡ ಮೂರನೆಯ ಮನೆ ಕಾಯ್ದೆಯ ಕಣ್ಣಿಗೆ ಮನೆಯೇ ಅಲ್ಲ.

ತಾಂತ್ರಿಕ ವರ್ಗ

ನಿರ್ಮಾಣ ರವಿ ಆರ್. ಗರಣಿ, ಸಂಗೀತ ಅನೂಪ್ ಸೀಳಿನ್, ಛಾಯಾಗ್ರಹಣ ಅಶೋಕ್ ವಿ. ರಾಮನ್. ನಿರ್ದೇಶಕ ಲಿಂಗದೇವರು ಈ ಮೊದಲು ಯು. ಆರ್. ಅನಂತಮೂರ್ತಿ ಅವರ ಕಥೆಯನ್ನಾಧರಿಸಿದ ‘ಮೌನಿ’ ಹಾಗೂ ರಾಷ್ಟ್ರಪ್ರಶಸ್ತಿ ಪಡೆದ ‘ಕಾಡ ಬೆಳದಿಂಗಳು’ ಚಿತ್ರಗಳನ್ನು ನಿರ್ದೇಶಿಸಿದ್ದರು.